ಅತ್ತಿಗೆಯ ಪಟ್ಟಿಯಲ್ಲಿ ನಾಲ್ಕು ಪಿನ್ನು

ನಮ್ಮ ಅತ್ತಿಗೆ ಯಾರನ್ನೂ ನಂಬುವುದಿಲ್ಲ. ಇದು ನಾನು ಹೇಳುತ್ತಿರುವ ಚಾಡಿಯಲ್ಲ, ಅವರೇ ಎದೆ ತಟ್ಟಿಕೊಂಡು ಹೇಳುವ ಮಾತು. ಹಾಲಿನವನು ಅಳೆದು ಹಾಕಿದ ಹಾಲನ್ನು ಒಳಗೆ ಒಯ್ದು ತಾವೊಮ್ಮೆ ಅಳೆಯುತ್ತಾರೆ. ಒಬ್ಬ ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಪಕ್ಕದ ಬೀದಿಯ ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತಾರೆ. ಇಬ್ಬರೂ ಒಂದೇ ಮಾತ್ರೆ ಹೇಳಿದರೆ, "ಇವರಿಬ್ಬರೂ ಮೊದಲೇ ಮಾತಾಡ್ಕೊಂಡಿದ್ದಾರೆ" ಎನ್ನುತ್ತಾರೆ. ನಾನು ಅವರ ಗಂಡನ ಒಡಹುಟ್ಟಿದ ತಂಗಿ. ಅದೇ ಮನೆಯ ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇದ್ದೇನೆ. ಹೀಗಾಗಿ ಅವರ ಅನುಮಾನದಲ್ಲಿ ನನ್ನ ಪಾಲು ನನಗೆ ತಪ್ಪದೆ ಸಿಗುತ್ತದೆ.

ಅನುಮಾನಪಟ್ಟು ಸುಮ್ಮನಿರುವ ಜಾತಿಯಲ್ಲ ಅವರದು. ಪರೀಕ್ಷೆ ಮಾಡಿ ನೋಡಬೇಕು. ಸಂಜೆ ಟೀ ಜೊತೆಗೆ ತಟ್ಟೆಯಲ್ಲಿ ಬಿಸ್ಕತ್ತು ಇಡುತ್ತಾರಲ್ಲ, ಅದರಲ್ಲಿ ಒಂದು ಯಾವಾಗಲೂ ಹೆಚ್ಚಿಗೆ ಇರುತ್ತದೆ. ನಾವು ಮೂವರು ತಲೆಗೆರಡರಂತೆ ತಿಂದ ಮೇಲೆ ಆ ಒಂದು ಉಳಿಯಬೇಕು. ಅತ್ತಿಗೆ ಬೇಕೆಂದೇ ಎದ್ದು ಒಳಗೆ ಹೋಗಿ, ಪಾತ್ರೆ ಸದ್ದು ಮಾಡಿ, ತಡೆದು ಬಂದು ನೋಡುತ್ತಾರೆ. ನಾನು ಎರಡು ಸಲ ಸಿಕ್ಕಿಬಿದ್ದಿದ್ದೇನೆ. ಆಮೇಲೆ ವಾರವೆಲ್ಲ ಸಕ್ಕರೆ ಡಬ್ಬ ನನ್ನ ಕೈಗೆ ಸಿಗದಷ್ಟು ಎತ್ತರದ ಕಪಾಟಿನಲ್ಲಿತ್ತು. ಅಣ್ಣ ಮಾತ್ರ ಒಂದು ದಿನವೂ ಆ ಬಿಸ್ಕತ್ತನ್ನು ಮುಟ್ಟಿದವನಲ್ಲ.

ಅವರ ಮದುವೆ ಆದದ್ದೂ ಹೀಗೆ ಒಂದು ಪರೀಕ್ಷೆಯಿಂದಲೇ. ಇಬ್ಬರೂ ಒಂದೇ ಕಾರ್ಖಾನೆ, ಆಸ್ಪತ್ರೆ ಮಂಚ ಮಾಡುವ ಕಾರ್ಖಾನೆ. ಅಣ್ಣ ಆಗಲೇ ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅತ್ತಿಗೆ ಡ್ರಾಯಿಂಗ್ ಮಾಡಲು ಹೊಸದಾಗಿ ಸೇರಿದ್ದರು. ಅಣ್ಣ ಮದುವೆಯ ಮಾತೆತ್ತಿದಾಗ ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಒಳ್ಳೆಯ ಕೊಡೆಯನ್ನು, ಮರದ ಹಿಡಿಯದು, ಯಾರಿಗೂ ಕಾಣದಂತೆ ಸ್ಟೋರಿನ ಕಟ್ಟೆಯ ಮೇಲೆ ಬಿಟ್ಟು ಬಂದರು. ಅಣ್ಣ ಸಿಕ್ಕಸಿಕ್ಕವರನ್ನೆಲ್ಲ ನಿಮ್ಮದಾ ನಿಮ್ಮದಾ ಎಂದು ಕೇಳಿ, ಕೊನೆಗೆ ಅದನ್ನು ಮೊಳೆಗೆ ನೇತುಹಾಕಿದ. ಒಂದು ಸಂಜೆ ಜೋರು ಮಳೆ. ಕೊಡೆ ಮೊಳೆಯಲ್ಲೇ ಇತ್ತು, ಅಣ್ಣ ತೊಯ್ದು ತೊಪ್ಪೆಯಾಗಿ ಮನೆಗೆ ಬಂದ. ಮರುದಿನ ಅತ್ತಿಗೆ ಹೋಗಿ, "ಕೊಡೆ ನಂದು. ಮದುವೆಗೆ ಒಪ್ಪಿಗೆ" ಎಂದರಂತೆ. ಅಣ್ಣ ಸೀನುತ್ತಲೇ ನಕ್ಕನಂತೆ. ಈ ಕಥೆಯನ್ನು ಅತ್ತಿಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಅಣ್ಣನ ಆ ನೆಗಡಿಯೇ ನೆನಪಾಗಿ ಮೈ ಉರಿಯುತ್ತದೆ.

ಇನ್ನು ಅವರ ಕೆಲಸದ ಮಾತು. ಅದನ್ನು ನಾನು ಅರ್ಥ ಮಾಡಿಕೊಂಡದ್ದು ಆ ಮಂಚಗಳ ಹಾಸಿಗೆಗೆ ರೆಕ್ಸಿನ್ ಕವರ್ ಹೊಲಿದುಕೊಡಲು ಕಾರ್ಖಾನೆಗೆ ಓಡಾಡಿ. ಅತ್ತಿಗೆ ಕಂಪ್ಯೂಟರಿನಲ್ಲಿ ಮಂಚವನ್ನು ಕಟ್ಟುತ್ತಾರೆ. ಬರೀ ಗೆರೆ ಎಳೆಯುವುದಲ್ಲ. ಕಾಲು, ಚಕ್ರ, ತಲೆಹಲಗೆ, ಕೊನೆಗೆ ಒಂದು ಬೋಲ್ಟನ್ನೂ ಬಿಡದೆ ಒಂದೊಂದಾಗಿ ತಂದು ಪರದೆಯ ಮೇಲೆ ಜೋಡಿಸುತ್ತಾರೆ. ಆ ಜೋಡಣೆಯ ಡ್ರಾಯಿಂಗ್ ಹಾಳೆಯ ಮೂಲೆಯಲ್ಲಿ ಬಿಡಿಭಾಗಗಳ ಪಟ್ಟಿ ಇರುತ್ತದೆ. ಯಾವ ಭಾಗ, ಎಷ್ಟು ಬೇಕು ಎಂದು. ಆ ಎಣಿಕೆಯನ್ನು ಕೈಯಲ್ಲಿ ಬರೆಯುವುದಿಲ್ಲ. ಜೋಡಣೆಯಲ್ಲಿ ಏನೇನು ಇದೆಯೋ ಅದನ್ನು ಕಂಪ್ಯೂಟರೇ ಎಣಿಸಿ ತುಂಬುತ್ತದೆ.

ಆದರೆ ಮಂಚ ಒಂದೇ ತರಹದ್ದಲ್ಲ. ರೋಗಿ ಉರುಳಿ ಬೀಳದಂತೆ ಎರಡೂ ಪಕ್ಕಕ್ಕೆ ಕಂಬಿ ಇರುವುದು ಒಂದು, ಕಂಬಿ ಇಲ್ಲದ ಸಾದಾ ಮಂಚ ಇನ್ನೊಂದು, ಮಕ್ಕಳದ್ದು ಮತ್ತೊಂದು. ಪ್ರತಿಯೊಂದಕ್ಕೂ ಬೇರೆ ಡ್ರಾಯಿಂಗ್ ಮಾಡುತ್ತ ಕೂರುವುದಿಲ್ಲ. ಒಂದೇ ಜೋಡಣೆ, ಅದರಲ್ಲೇ ಹಲವು ಬಗೆ. ಪಟ್ಟಿಯಲ್ಲಿ ಒಂದೊಂದು ಬಗೆಗೆ ಒಂದೊಂದು ಸಾಲು ಅಂಕಿ. ನಾನು ಒಂದೇ ಅಳತೆ ಕಾಗದ ಇಟ್ಟುಕೊಂಡು ಜೇಬು ಇರುವುದು, ಜೇಬು ಇಲ್ಲದ್ದು ಎಂದು ಬೇರೆ ಬೇರೆ ಕತ್ತರಿಸುತ್ತೇನಲ್ಲ, ಹಾಗೆ. ಅಣ್ಣ ಆ ಪಟ್ಟಿಯನ್ನು ನೋಡಿ ಒಂದೊಂದು ಮಂಚಕ್ಕೂ ಒಂದೊಂದು ಟ್ರೇಯಲ್ಲಿ ಸಾಮಾನು ಎಣಿಸಿಟ್ಟು ಮಂಚ ಜೋಡಿಸುವ ಫಿಟ್ಟರುಗಳಿಗೆ ಕೊಡುತ್ತಾನೆ. "ಹೆಂಡತಿ ಬರೀತಾಳೆ, ಗಂಡ ಎಣಿಸ್ತಾನೆ. ಮನೇಲೂ ಹಿಂಗೇನಾ?" ಎಂದು ಗಡ್ಡದ ಫಿಟ್ಟರು ರೇಗಿಸುತ್ತಿದ್ದ. ಅಣ್ಣ, "ಮನೇಲಿ ಎಣಿಸೋದೂ ಅವಳೇ" ಎನ್ನುತ್ತಿದ್ದ.

ಒಂದು ವರ್ಷ ದೊಡ್ಡ ಆಸ್ಪತ್ರೆಯೊಂದರಿಂದ ಕಂಬಿ ಇಲ್ಲದ ಮಂಚಕ್ಕೆ ಮೊದಲ ಸಲ ಬೇಡಿಕೆ ಬಂತು. ಅವಸರವೋ ಅವಸರ. ಅತ್ತಿಗೆ ಹಳೆಯ ಜೋಡಣೆಗೇ ಹೊಸ ಬಗೆಯೊಂದನ್ನು ಸೇರಿಸಿ, ಕಂಬಿ ತೆಗೆದು, ಡ್ರಾಯಿಂಗ್ ಕಳಿಸಿದರು. ಮಂಚಗಳು ಸಾಲಾಗಿ ಹೊರಟವು. ಕವರ್ ಹೊಲಿದು ಹೊಲಿದು ನನ್ನ ಹೆಬ್ಬೆರಳಿಗೆ ಬೊಕ್ಕೆ ಬಂತು. ಎಲ್ಲರಿಗೂ ಕೈತುಂಬ ಕೆಲಸ, ಯಾರಿಗೂ ಯಾರ ಮೇಲೂ ಅನುಮಾನಪಡಲು ಪುರುಸೊತ್ತಿಲ್ಲ, ಅತ್ತಿಗೆಯನ್ನು ಬಿಟ್ಟು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಅತ್ತಿಗೆ ಮಹಡಿ ಹತ್ತಿ ಬಂದರು. ಅವರು ಹಾಗೆ ಬರುವವರಲ್ಲ. ಬಾಗಿಲು ಹಾಕಿ, ಕಿಟಕಿಯನ್ನೂ ಮುಚ್ಚಿ, ಬಟ್ಟೆಯ ರಾಶಿಯ ಮೇಲೆ ಕೂತರು.

"ನಿಮ್ಮಣ್ಣನಿಗೆ ಏನಾದ್ರೂ ತೊಂದರೆ ಇದೆಯಾ? ನಿನ್ನ ಹತ್ರ ಏನಾದ್ರೂ ಹೇಳಿದಾರಾ?"

"ನಿಮ್ಮನ್ನ ಬಿಟ್ರೆ ಬೇರೆ ತೊಂದರೆ ಇದ್ದಂಗೆ ಕಾಣೆ" ಎಂದೆ.

ಅವರು ನಗಲಿಲ್ಲ. ನಾನು ಯಂತ್ರ ನಿಲ್ಲಿಸಿದೆ.

ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುವವರೊಬ್ಬರು ಇದ್ದಾರೆ. ಬಿಲ್ಲಿನ ಸಣ್ಣಕ್ಷರ ಓದಲು ಜೇಬಿನಲ್ಲಿ ಮಸೂರ ಇಟ್ಟುಕೊಂಡಿರುವುದರಿಂದ ಭೂತಗನ್ನಡಿ ಎಂದೇ ಅವರ ಹೆಸರು. ಲಾಕ್ ಪಿನ್ನುಗಳ ಲೆಕ್ಕ ಅವರ ಕಣ್ಣಿಗೆ ಬಿದ್ದಿತ್ತು. ಲಾಕ್ ಪಿನ್ನೆಂದರೆ ಬೆರಳುದ್ದದ ಸ್ಟೀಲಿನ ಗೂಟ, ತುದಿಗೊಂದು ಉಂಗುರ. ಎಳೆದರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ತಲೆಹಲಗೆಗೂ ಅದೇ ಪಿನ್ನು, ಕಾಲಿನ ಕಡೆಯ ಹಲಗೆಗೂ ಅದೇ, ಪಕ್ಕದ ಕಂಬಿಗೂ ಅದೇ. ಈಗ ಕಂಬಿ ಇರುವ ಮಂಚಗಳು ಕಡಿಮೆಯಾಗಿವೆ. ಪಿನ್ನಿನ ಖರ್ಚು ಮಾತ್ರ ಒಂದು ಚೂರೂ ಇಳಿದಿಲ್ಲ. ಒಳ್ಳೆಯ ಸ್ಟೀಲು, ಹೊರಗೆ ಒಯ್ದರೆ ಯಾರಾದರೂ ಕೊಳ್ಳುತ್ತಾರೆ. ಕಾರ್ಖಾನೆಯ ಯಜಮಾನರೂ ಭೂತಗನ್ನಡಿಯೂ ಅತ್ತಿಗೆಯನ್ನು ಒಳಗೆ ಕರೆದು ಇಷ್ಟನ್ನೂ ಹೇಳಿ, ಮುಂದಿನ ವಾರ ಹೊರಗಿನವರನ್ನು ಕರೆಸಿ ಸ್ಟೋರ್ ಎಣಿಸುತ್ತೇವೆ, ಲೆಕ್ಕ ತಪ್ಪಿದರೆ ನಿಮ್ಮ ಗಂಡ ಕೆಲಸ ಬಿಡಬೇಕಾಗುತ್ತದೆ, ಅಲ್ಲಿಯವರೆಗೆ ಅವರಿಗೆ ಸುಳಿವು ಕೊಡಬೇಡಿ ಎಂದಿದ್ದರು.

"ನಿಮ್ಮ ಪಟ್ಟಿ ಸರಿಯಿದೆಯಾ ಅಂತ ಕೇಳಲಿಲ್ವಾ ಅವರು?" ಎಂದೆ.

"ಕೇಳಿದ್ರು. ಪಟ್ಟಿ ನಾನು ಎಣಿಸೋದಲ್ಲ, ಕಂಪ್ಯೂಟರ್ ಎಣಿಸೋದು ಅಂದೆ. ಆದ್ರೂ ಡ್ರಾಯಿಂಗ್ ತೆಗೆದು ನೋಡ್ದೆ. ಸಾದಾ ಮಂಚದ ಪಕ್ಕದಲ್ಲಿ ಒಂದು ಪಿನ್ನೂ ಇಲ್ಲ. ದೊಡ್ಡದು ಮಾಡಿ ನೋಡ್ದೆ, ಇಲ್ಲ."

"ಹಂಗಾದ್ರೆ?"

"ಹಂಗಾದ್ರೆ ಪಿನ್ನು ಎಲ್ಲಿ ಹೋಗ್ತಿದೆ ಅಂತ ನೀನೇ ಹೇಳು."

ನನಗೆ ಸಿಟ್ಟು ನೆತ್ತಿಗೇರಿತು. ಕೊಡೆ ಇದ್ದೂ ನೆನೆದುಕೊಂಡು ಬಂದವನು ಪಿನ್ನು ಕದಿಯುತ್ತಾನೆಯೇ? ಈಗಲೇ ಕೆಳಗೆ ಹೋಗಿ ಅಣ್ಣನಿಗೆ ಹೇಳುತ್ತೇನೆ ಎಂದು ಎದ್ದೆ. ಅತ್ತಿಗೆ ನನ್ನ ಕೈ ಹಿಡಿದರು.

"ಹೇಳಿದ್ರೆ, ಮುಂದಿನ ವಾರ ಎಣಿಕೆ ಸರಿಯಿದ್ರೂ ನೀನು ಎಚ್ಚರಿಸಿದ್ದಕ್ಕೆ ಸರಿಯಾಯ್ತು ಅಂತಾರೆ. ಹೇಳದೇ ಇದ್ದು ಸರಿಯಿದ್ರೆ ನಿಮ್ಮಣ್ಣನ ಹೆಸರು ಉಳಿಯುತ್ತೆ. ನಿನಗೆ ಅವರ ಮೇಲೆ ನಂಬಿಕೆ ಇದ್ರೆ ಸುಮ್ಮನಿರು."

ನೋಡಿ, ಹೇಗಿದೆ ಮಾತು. ಬಾಯಿಬಿಟ್ಟರೆ ನನಗೆ ನಂಬಿಕೆ ಇಲ್ಲ ಎಂದಾಗುತ್ತದೆ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಇಂಥ ಬಲೆ ನೇಯುವುದರಲ್ಲಿ ಅತ್ತಿಗೆಯನ್ನು ಮೀರಿಸುವವರಿಲ್ಲ.

ಅಂದಿನಿಂದ ಅವರು ಮೈಯೆಲ್ಲ ಕಣ್ಣಾದರು. ಅಣ್ಣನ ಕೀ ಗೊಂಚಲಿನಲ್ಲಿ ಹೊಸದೊಂದು ಸಣ್ಣ ಕೀ ಬಂದಿದೆ, ಯಾತಕ್ಕೆಂದು ಹೇಳಿಲ್ಲ. ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ತೆಳು ತಂತಿಯ ಚೂರುಗಳು ಸಿಕ್ಕಿವೆ. ಬೆರಳ ತುದಿಯಲ್ಲಿ ತರಚಿದ ಗಾಯ. ಟೀ ಹೊತ್ತಿನಲ್ಲಿ ಎಲ್ಲರೂ ಹೊರಗೆ ಬಂದರೆ ಅವನು ಸ್ಟೋರಿನ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇರುತ್ತಾನೆ. ಇದನ್ನೆಲ್ಲ ಅತ್ತಿಗೆ ದಿನವೂ ಮಹಡಿ ಹತ್ತಿ ಬಂದು ನನ್ನ ಕಿವಿಗೆ ಹಾಕುತ್ತಿದ್ದರು. ತಂತಿ ಚೂರುಗಳನ್ನು ಹಾಳು ಕವರೊಂದರಲ್ಲಿ ಹಾಕಿ ನನ್ನ ಹೊಲಿಗೆ ಪೆಟ್ಟಿಗೆಯಲ್ಲೇ ತಂದಿಟ್ಟರು. ನನ್ನ ಸೂಜಿ ಕತ್ತರಿ ನಡುವೆ ನನ್ನ ಅಣ್ಣನ ಮೇಲಿನ ಸಾಕ್ಷಿ.

ಇವೆಲ್ಲಕ್ಕಿಂತ ಅವರನ್ನು ಕೊರೆದದ್ದು ಇನ್ನೊಂದು. ಊಟ ಮಾಡುವಾಗ, ಬಟ್ಟೆ ಮಡಿಸುವಾಗ, ಅಣ್ಣ ಇದ್ದಕ್ಕಿದ್ದಂತೆ ಅವರ ಮುಖ ನೋಡಿ, "ನನ್ನನ್ನ ಏನಾದ್ರೂ ಕೇಳೋದಿದೆಯಾ?" ಎನ್ನುತ್ತಿದ್ದನಂತೆ.

"ನೋಡಿದೆಯಾ? ತಪ್ಪು ಮಾಡಿದವರೇ ಹಂಗೆ ಕೇಳೋದು. ಒಳಗೆ ಚುಚ್ಚುತ್ತಿದೆ ಅವರಿಗೆ" ಎಂದರು ಅತ್ತಿಗೆ.

"ನೀವೇನಂದ್ರಿ?"

"ಏನೂ ಇಲ್ಲ ಅಂದೆ. ಅದಕ್ಕೆ ನಕ್ಕುಬಿಟ್ರು."

ಆ ನಗು ನನಗೂ ಅರ್ಥವಾಗಲಿಲ್ಲ. ಹೇಳಿಬಿಡುತ್ತೇನೆ, ಅನುಮಾನ ಕಣ್ಣುಬೇನೆ ಇದ್ದ ಹಾಗೆ, ಒಂದೇ ಮನೆಯಲ್ಲಿದ್ದರೆ ಅಂಟದೆ ಬಿಡುವುದಿಲ್ಲ. ಒಂದು ಬೆಳಿಗ್ಗೆ ಅಣ್ಣ ಶೂ ಹಾಕಿಕೊಳ್ಳುತ್ತಿದ್ದಾಗ ಅವನ ಊಟದ ಚೀಲವನ್ನು ಎತ್ತಿಕೊಟ್ಟೆ. ಎತ್ತಿಕೊಡುತ್ತ ಅದರ ಭಾರ ನೋಡಿದೆ. ಬರೀ ಊಟದ ಡಬ್ಬಿಯ ಭಾರವೇ ಇತ್ತು. ಅಣ್ಣ ಚೀಲ ತೆಗೆದುಕೊಂಡು, "ಇವತ್ತೇನು ಇಷ್ಟು ಸೇವೆ?" ಎಂದು ನನ್ನ ತಲೆ ತಟ್ಟಿ ಹೋದ. ನನಗೆ ಅತ್ತಿಗೆಯ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು.

ಎಣಿಕೆಯ ಹಿಂದಿನ ದಿನ. ಹೊಲಿದ ಕವರುಗಳನ್ನು ಕೊಡಲು ನಾನು ಕಾರ್ಖಾನೆಗೆ ಹೋಗಬೇಕಿತ್ತು. ಅತ್ತಿಗೆ, "ಊಟದ ಹೊತ್ತಿಗೇ ಬಾ" ಎಂದಿದ್ದರು. ಹೋದಾಗ ಅಣ್ಣ ಹೊರಗೆ ಫಿಟ್ಟರುಗಳ ಜೊತೆ ಊಟಕ್ಕೆ ಕೂತಿದ್ದ. ನನ್ನನ್ನು ನೋಡಿ ಕೈ ಎತ್ತಿದ. ಸ್ಟೋರಿನ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಒಳಗೆ ಮೊಳೆಗೆ ಅಣ್ಣನ ಅಂಗಿ ನೇತಾಡುತ್ತಿತ್ತು, ಕೆಲಸಕ್ಕೆ ಅವನು ನೀಲಿ ಕೋಟು ಹಾಕಿಕೊಳ್ಳುತ್ತಾನೆ. ಅತ್ತಿಗೆ ಅಂಗಿಯ ಜೇಬಿನಿಂದ ಕೀ ಗೊಂಚಲು ತೆಗೆದರು.

"ನಾಳೆ ಅವರು ತೆಗೆಯೋ ಮುಂಚೆ ನಾನು ನೋಡಬೇಕು. ನೀನು ಇರು" ಎಂದರು.

"ಇದ್ದು ಏನು ಮಾಡಲಿ? ಸಾಕ್ಷಿ ಹೇಳಲಾ?"

"ನಾನು ಬಿದ್ದುಬಿಟ್ರೆ ಹಿಡ್ಕೋ."

ಮೊದಲ ಸಲ ನನಗೆ ಅವರ ಮೇಲೆ ಕನಿಕರ ಹುಟ್ಟಿತು. ಗಂಡ ಕಳ್ಳನಾಗಿದ್ದರೆ ಸಂತೋಷಪಡಲು ಅವರೇನೂ ಬಂದಿರಲಿಲ್ಲ.

ಬಣ್ಣದ ಡಬ್ಬಗಳ ಹಿಂದೆ ಒಂದು ತಗಡಿನ ಟ್ರಂಕು ಇತ್ತು. ಸಣ್ಣ ಕೀ ಅದಕ್ಕೇ ಕೂತಿತು. ಮುಚ್ಚಳ ಎತ್ತಿದರೆ ತುಂಬ ಲಾಕ್ ಪಿನ್ನು. ಹೊಸವು, ಎಣ್ಣೆ ಕೂಡ ಆರಿರಲಿಲ್ಲ. ಅತ್ತಿಗೆ ನೆಲದ ಮೇಲೇ ಕೂತುಬಿಟ್ಟರು.

ಆದರೆ ಅವು ರಾಶಿ ಹಾಕಿದ ಪಿನ್ನುಗಳಾಗಿರಲಿಲ್ಲ. ಉಂಗುರದಲ್ಲಿ ತೆಳು ತಂತಿ ಪೋಣಿಸಿ, ತುದಿ ತಿರುಚಿ, ಸಣ್ಣ ಸಣ್ಣ ಗೊಂಚಲು ಮಾಡಿತ್ತು. ಅತ್ತಿಗೆ ಒಂದು ಗೊಂಚಲು ಎತ್ತಿದರು, ನಾಲ್ಕು ಪಿನ್ನು. ಇನ್ನೊಂದು ಎತ್ತಿದರು, ಅದರಲ್ಲೂ ನಾಲ್ಕೇ. ಯಾವುದನ್ನು ತೆಗೆದರೂ ನಾಲ್ಕು. ಮಾರುವವನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿ ಯಾಕೆ ಇಡುತ್ತಾನೆ ಎಂದು ನಾನು ಯೋಚಿಸುತ್ತಿರುವಾಗ ಬಾಗಿಲಲ್ಲಿ ಅಣ್ಣ ಬಂದು ನಿಂತ. ತೊಳೆದ ಕೈಯನ್ನು ಕೋಟಿಗೆ ಒರೆಸುತ್ತಿದ್ದ. ಅವನ ಮುಖದಲ್ಲಿ ಗಾಬರಿಯೇ ಇರಲಿಲ್ಲ. ಅಬ್ಬಾ ಮುಗಿಯಿತಲ್ಲ ಎನ್ನುವ ಹಾಗಿತ್ತು.

"ಅಂತೂ ಕೇಳೋಕೆ ಬಂದೆಯಾ" ಎಂದ. "ಎಣಿಸ್ಕೋ, ಒಂದೂ ಕಮ್ಮಿ ಇಲ್ಲ. ಒಂದು ಸಾದಾ ಮಂಚಕ್ಕೆ ಒಂದು ಗೊಂಚಲು."

"ಏನ್ರೀ ಇದು?"

"ಏನು ಅಂದ್ರೆ? ನಿನ್ನ ಪಟ್ಟೀಲಿ ಸಾದಾ ಮಂಚಕ್ಕೂ ನಾಲ್ಕು ಪಿನ್ನು ಹೆಚ್ಚಿಗೆ ಬರ್ತಿತ್ತಲ್ಲ. ಪಟ್ಟೀಲಿ ಇದ್ದಷ್ಟು ನಾನು ಟ್ರೇಗೆ ಹಾಕ್ತಿದ್ದೆ. ಗಡ್ಡದವನು ಇವು ಎಲ್ಲೂ ಕೂರಲ್ಲ ಅಂತ ವಾಪಸ್ ತಂದು ಕೊಡ್ತಿದ್ದ. ಎತ್ತಿಟ್ಟಿದ್ದೀನಿ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ ನೀವು?"

ಅಣ್ಣ ನಕ್ಕ. "ಹೇಳಿದ್ರೆ ಪರೀಕ್ಷೆ ಹೆಂಗಾಗುತ್ತೆ? ನೀನು ತಪ್ಪು ಮಾಡೋಳಲ್ಲ. ಹೆಚ್ಚಿಗೆ ಇಟ್ಟಿದ್ದೀಯ ಅಂದ್ರೆ ನೋಡೋಕೇ ಇಟ್ಟಿದ್ದೀಯ ಅಂದ್ಕೊಂಡೆ. ಕೊಡೆ ಇಟ್ಟಂಗೆ, ಬಿಸ್ಕತ್ತು ಇಟ್ಟಂಗೆ. ಯಾವತ್ತು ಕೇಳ್ತಾಳೋ ಅಂತ ಕಾಯ್ತಾ ಇದ್ದೆ. ನಾನಾಗೇ ಎಷ್ಟು ಸಲ ಬಾಯಿಬಿಟ್ಟು ಕೇಳಿದೆ, ಏನಾದ್ರೂ ಕೇಳೋದಿದೆಯಾ ಅಂತ. ಈ ಸಲದ ಪರೀಕ್ಷೆ ಉದ್ದ ಆಯ್ತು ನೋಡು."

ಅತ್ತಿಗೆ ಕೈಯಲ್ಲಿದ್ದ ಗೊಂಚಲನ್ನೇ ನೋಡುತ್ತಿದ್ದರು. ನಾಲ್ಕು. ಎರಡೂ ಪಕ್ಕದ ಕಂಬಿಗೆ ಬೇಕಾಗುವುದು ಸರಿಯಾಗಿ ನಾಲ್ಕು. ಅವರು ದಡಬಡ ಎದ್ದು ತಮ್ಮ ಕೋಣೆಗೆ ಹೋದರು. ನಾವಿಬ್ಬರೂ ಹಿಂದೆ ಹೋದೆವು. ಪರದೆಯ ಮೇಲೆ ಸಾದಾ ಮಂಚ ಬಂತು, ಪಕ್ಕದಲ್ಲಿ ಏನೂ ಇಲ್ಲ. ಅವರು ಎಲ್ಲಿಯೋ ಒತ್ತಿದರು. ಮಂಚದ ಎರಡೂ ಪಕ್ಕ, ಪಕ್ಕಕ್ಕೆ ಎರಡರಂತೆ ಪಿನ್ನುಗಳು ಕಾಣಿಸಿಕೊಂಡವು.

ಆಮೇಲೆ ನನಗೆ ಬಿಡಿಸಿ ಹೇಳಿದರು. ಕಂಪ್ಯೂಟರಿನಲ್ಲಿ ಒಂದು ಭಾಗವನ್ನು ಕಣ್ಣಿಗೆ ಕಾಣದಂತೆ ಮರೆ ಮಾಡುವುದು ಬೇರೆ, ಆ ಬಗೆಯ ಜೋಡಣೆಯಿಂದಲೇ ತೆಗೆದುಹಾಕುವುದು ಬೇರೆ. ಮರೆ ಮಾಡಿದರೆ ಚಿತ್ರದಲ್ಲಿ ಇರುವುದಿಲ್ಲ, ಎಣಿಕೆಯಲ್ಲಿ ಇರುತ್ತದೆ. ಅವಸರದ ದಿನ ಅವರು ಕಂಬಿಗಳನ್ನು ತೆಗೆದುಹಾಕಿದ್ದರು. ಪಿನ್ನುಗಳು ಕಂಬಿಯ ಜೊತೆಗಲ್ಲ, ಮಂಚದ ಚೌಕಟ್ಟಿನ ಜೊತೆ ಸೇರಿದ್ದವು. ಉಳಿದುಕೊಂಡ ಅವನ್ನು ಬರೀ ಮರೆ ಮಾಡಿ ಮುಂದಕ್ಕೆ ಹೋಗಿದ್ದರು. ತಲೆಹಲಗೆ, ಕಾಲುಹಲಗೆಯ ಪಿನ್ನುಗಳ ಜೊತೆ ಸೇರಿ ಒಂದೇ ಅಂಕಿಯಾಗಿ ಬಂದದ್ದರಿಂದ ಯಾರ ಕಣ್ಣಿಗೂ ಎದ್ದು ಕಾಣಲಿಲ್ಲ. ಮನೆಯಲ್ಲಿ ಬಿಸ್ಕತ್ತು ಎಣಿಸುವ ಹೆಂಗಸು ತನ್ನ ಡ್ರಾಯಿಂಗಿನ ಪಿನ್ನನ್ನು ಒಂದು ಸಲ ಬೆರಳಿಟ್ಟು ಎಣಿಸಿರಲಿಲ್ಲ. ಇಡೀ ಲೋಕದಲ್ಲಿ ಅವರು ಅನುಮಾನಪಡದೆ ಬಿಟ್ಟಿದ್ದು ಅದೊಂದನ್ನೇ.

ಅಣ್ಣ ಪರದೆಯನ್ನು ನೋಡಿದ, ಅತ್ತಿಗೆಯನ್ನು ನೋಡಿದ. ನಗು ನಿಧಾನವಾಗಿ ಇಳಿಯಿತು.

"ಪರೀಕ್ಷೆ ಅಲ್ವಾ ಇದು?"

"ಅಲ್ಲ ರೀ. ತಪ್ಪಾಗಿದೆ. ನನ್ನದೇ ತಪ್ಪು."

"ಹಂಗಾದ್ರೆ ನನ್ನ ಕೀ ತಗೊಂಡು ಟ್ರಂಕು ಯಾಕೆ ತೆಗೆದೆ?"

ಅತ್ತಿಗೆ ಎಲ್ಲವನ್ನೂ ಹೇಳಿದರು. ಭೂತಗನ್ನಡಿಯ ಲೆಕ್ಕ, ಯಜಮಾನರ ಮಾತು, ನಾಳೆಯ ಎಣಿಕೆ. ಈ ಟ್ರಂಕು ನಾಳೆ ಅವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣ ಕುರ್ಚಿಯ ಬೆನ್ನು ಹಿಡಿದು ನಿಂತು ಕೇಳಿದ.

"ಅವರು ಅಂದ್ಕೊಂಡ್ರು, ಸರಿ. ಅವರು ಹೊರಗಿನವರು. ನೀನೂ ಅಂದ್ಕೊಂಡೆಯಾ?"

ಅತ್ತಿಗೆ ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ. ಅವರು ತಲೆ ತಗ್ಗಿಸಿ, "ಹೂಂ" ಎಂದರು.

ಅಣ್ಣ ಸ್ಟೋರಿಗೆ ಹೋದ. ಟ್ರಂಕಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ನನಗೆ ಅಳು ಬಂತು, ಅಲ್ಲಿ ಅಳಲು ಮನಸ್ಸಾಗಲಿಲ್ಲ, ರೆಕ್ಸಿನ್ ಕವರುಗಳನ್ನು ಮತ್ತೊಮ್ಮೆ ಮಡಿಸಿಟ್ಟೆ.

ಅತ್ತಿಗೆಯನ್ನು ನಾನು ಎಷ್ಟು ಬೈದರೂ ಈ ಒಂದು ಮಾತು ಹೇಳಲೇಬೇಕು. ಅವರು ಮರುದಿನದವರೆಗೆ ಕಾಯಲಿಲ್ಲ. ಪಟ್ಟಿಯನ್ನು ಸದ್ದಿಲ್ಲದೆ ತಿದ್ದಿ, ಪಿನ್ನುಗಳನ್ನು ಡಬ್ಬಕ್ಕೆ ಸುರಿದು, ಲೆಕ್ಕ ತಪ್ಪಿ ಬಂದಿತ್ತು ಎಂದು ಮುಗಿಸಬಹುದಿತ್ತು. ಹಾಗೆ ಮಾಡದೆ ಟ್ರಂಕನ್ನು ಗಡ್ಡದ ಫಿಟ್ಟರಿನ ಕೈಲಿ ಹೊರಿಸಿಕೊಂಡು ನೇರವಾಗಿ ಯಜಮಾನರ ಕೋಣೆಗೆ ಹೋದರು. ಅಣ್ಣನನ್ನೂ ಕರೆಸಿದರು. ಬಾಗಿಲು ತೆರೆದೇ ಇತ್ತು, ನಾನು ಹೊರಗೆ ನಿಂತು ಕೇಳಿದೆ.

ತಪ್ಪು ಪಟ್ಟಿಯದು, ಪಟ್ಟಿ ತನ್ನದು ಎಂದು ಅತ್ತಿಗೆ ಹೇಳಿದ ಮೇಲೆ ಭೂತಗನ್ನಡಿ ಗೊಂಚಲುಗಳನ್ನು ಎಣಿಸಿದರು. ಹೋದ ಸಾದಾ ಮಂಚಗಳಿಗೂ ಗೊಂಚಲುಗಳಿಗೂ ತಾಳೆಯಾಯಿತು. ಆದರೂ ಅವರು ಬಿಡಬೇಕಲ್ಲ.

"ಅದೆಲ್ಲ ಸರಿ. ಹೆಚ್ಚಿಗೆ ಬರ್ತಿದೆ ಅಂತ ಗೊತ್ತಿದ್ದೂ ಇವರು ಬೀಗ ಹಾಕಿ ಯಾಕೆ ಇಟ್ಕೊಂಡ್ರು? ಒಂದು ಮಾತು ಹೇಳಬಹುದಿತ್ತಲ್ಲ."

ಯಜಮಾನರು ಅಣ್ಣನ ಕಡೆ ನೋಡಿದರು. ಅಣ್ಣ ಗೋಡೆಯ ಕಡೆ ನೋಡಿದ. ಹೆಂಡತಿಯ ಮಾನ ಕಾಪಾಡಲು ಏನಾದರೊಂದು ಮಳ್ಳು ಉತ್ತರ ಕೊಟ್ಟು ತಾನೇ ಸಿಕ್ಕಿಕೊಳ್ಳುತ್ತಾನೆ ಎಂದು ನನಗೆ ದಿಗಿಲಾಯಿತು. ಅವನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದರು:

"ನನ್ನಿಂದ ಸರ್. ನಾನು ಮನೇಲಿ ಇವರನ್ನ ಪರೀಕ್ಷೆ ಮಾಡ್ತಾ ಇರ್ತೀನಿ. ಬೇಕಂತಲೇ ಏನಾದ್ರೂ ಹೆಚ್ಚಿಗೆ ಇಟ್ಟು, ಮುಟ್ಟುತ್ತಾರಾ ಅಂತ ನೋಡ್ತೀನಿ. ಮದುವೆ ಆದಾಗಿನಿಂದ. ಇದೂ ಹಂಗೇ ಅಂದ್ಕೊಂಡು ಇವರು ಮುಟ್ಟದೆ ಕಟ್ಟಿ ಇಟ್ರು."

ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು, ನಾಳೆ ಹೊರಗಿನವರು ಬರುವುದು ಬೇಡ, ಪಟ್ಟಿ ಸರಿಮಾಡಿ ಎಂದರು. ಭೂತಗನ್ನಡಿ ಅಣ್ಣನ ಕೈ ಕುಲುಕಿದರು. ಗಡ್ಡದ ಫಿಟ್ಟರು ಟ್ರಂಕನ್ನು ವಾಪಸ್ ಹೊತ್ತುಕೊಂಡು ಹೋಗುತ್ತ, ಆ ಒಂದು ದಿನ ಯಾರನ್ನೂ ರೇಗಿಸಲಿಲ್ಲ. ಅಣ್ಣನ ಕೆಲಸ ಉಳಿಯಿತು, ಹೆಸರೂ ಉಳಿಯಿತು.

ಆ ಸಂಜೆ ಟೀಗೆ ನಾನು ಕೆಳಗೆ ಬಂದೆ. ಅತ್ತಿಗೆ ಬಿಸ್ಕತ್ತಿನ ಪೊಟ್ಟಣವನ್ನು ಹರಿದು ತಟ್ಟೆಗೆ ಸುಮ್ಮನೆ ಸುರಿದರು. ಹಾಗೆ ಅವರು ಸುರಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಕೆಲವು ಮುರಿದವು, ಪುಡಿ ಮೇಜಿನ ಮೇಲೆ ಬಿತ್ತು, ಅದನ್ನು ಒರೆಸಲೂ ಇಲ್ಲ. ಅಣ್ಣ ಎಂದಿನ ಹಾಗೆ ಎರಡು ತಿಂದು ಕೈ ಕೊಡವಿಕೊಂಡ.

"ಇನ್ನೊಂದು ತಗೊಳ್ಳಿ" ಎಂದರು ಅತ್ತಿಗೆ.

"ಸಾಕು."

"ನಾನು ಎಣಿಸಿಲ್ಲ ರೀ. ನಿಜವಾಗ್ಲೂ ಎಣಿಸಿಲ್ಲ."

ಅಣ್ಣ ಅವರ ಮುಖವನ್ನು ನೋಡಿದ. ಅಷ್ಟು ಹೊತ್ತು ಅವನು ಯಾರ ಮುಖವನ್ನೂ ಹಾಗೆ ನೋಡಿದ್ದು ನನಗೆ ನೆನಪಿಲ್ಲ. ಅದು ಅತ್ತಿಗೆ ಹಾಲಿನವನನ್ನು ನೋಡುವ ನೋಟ. ಆಮೇಲೆ ತಟ್ಟೆಯನ್ನು ಮೆಲ್ಲಗೆ ಅವರ ಕಡೆಗೇ ಸರಿಸಿ, ಲೋಟ ತೆಗೆದುಕೊಂಡು ಹೊರಗೆ ಹೋದ.

ಅತ್ತಿಗೆ ತಟ್ಟೆಯ ಮುಂದೆ ಕೂತೇ ಇದ್ದರು. "ನಂಬಲಿಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದರು. ನಾನು ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಈಗಲೂ ನಮ್ಮ ಮನೆಯಲ್ಲಿ ಬಿಸ್ಕತ್ತನ್ನು ಪೊಟ್ಟಣದಿಂದ ಹಾಗೇ ಸುರಿಯುತ್ತಾರೆ, ಅಣ್ಣ ಎರಡೇ ತಿನ್ನುತ್ತಾನೆ.